ಹತ್ತುಮೀನು ಹತ್ತೋ ಹೊತ್ತಿಗೆ ನಾವು ಹೊಡೆಯೋ ಔಷಧಿ

ನಮಸ್ಕಾರ. ಮಲೆನಾಡಿನವರಿಗೆ ಹತ್ತುಮೀನು ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳ್ತೀನಿ. ಮುಂಗಾರಿನ ಮೊದಲ ಜೋರು ಮಳೆಗೆ ಹಳ್ಳ ಕೆಂಪಾಗಿ ಉಕ್ಕುತ್ತೆ. ಆ ರಾತ್ರಿ ಹೊಳೆಯ ಮೀನು ನೀರಿಗೆ ಎದುರಾಗಿ ಹತ್ತಿ, ಕಾಲುವೆ ದಾಟಿ ಗದ್ದೆಗೇ ಬರುತ್ತೆ. ಟಾರ್ಚ್ ಬಿಟ್ಟರೆ ಅಂಚಿನ ಪಕ್ಕ ಪಟಪಟ ಬಾಲ ಬಡಿಯೋದು ಕಾಣುತ್ತೆ. ಹಿಡಿದು ಹೊಟ್ಟೆ ಸೀಳಿದರೆ ಎರಡೂ ಪಕ್ಕ ಮೊಟ್ಟೆ. ಅದು ಬಂದಿದ್ದೇ ಮೊಟ್ಟೆ ಇಡೋಕೆ. ಗದ್ದೆಯ ತೆಳು ನೀರಲ್ಲಿ ಮರಿಗಳಿಗೆ ಬೇಕಾದಷ್ಟು ಮೇವು.

ನಾವು ಔಷಧಿ ಹೊಡೆಯೋದೂ ಅದೇ ಮಳೆಗಾಲದಲ್ಲಿ. ನಾಟಿಯಾದ ಕೆಲವೇ ದಿನಕ್ಕೆ ನಿಂತ ನೀರಿಗೆ ಕಳೆನಾಶಕ. ಆಮೇಲೆ ಕಾಂಡಕೊರಕಕ್ಕೆ ಇನ್ನೊಂದು. ಮೇಲಿನ ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಮೈಲುತುತ್ತು. ಎಲ್ಲವೂ ಇಳಿಯೋದು ಹಳ್ಳಕ್ಕೇ.

ಮೀನು ಸತ್ತು ತೇಲಿದರೆ ಪೇಪರಲ್ಲಿ ಬರುತ್ತೆ. ನನಗೆ ಹೆಚ್ಚು ಸಂಕಟ ಆಗೋದು ಸಾಯದೆ ಉಳಿದ ಮೀನಿನ ಬಗ್ಗೆ.

ಹೆಣ್ಣು ಮೀನಿನ ಮೊಟ್ಟೆ ಒಂದು ರಾತ್ರಿಯಲ್ಲಿ ಕಟ್ಟೋದಲ್ಲ. ಬೇಸಿಗೆಯಲ್ಲಿ ಹಗಲು ಉದ್ದವಾಗಿ ನೀರು ಬಿಸಿಯಾಗ್ತಿದ್ದಂತೆ ಮಿದುಳು ತನ್ನ ಬುಡದಲ್ಲಿರೋ ಪಿಟ್ಯುಟರಿ ಅನ್ನೋ ಗ್ರಂಥಿಗೆ ಸೂಚನೆ ಕೊಡುತ್ತೆ, ಪಿಟ್ಯುಟರಿ ಅಂಡಾಶಯಕ್ಕೆ. ಅಂಡಾಶಯ ಎಸ್ಟ್ರಡಯೋಲ್ ಅನ್ನೋ ಹಾರ್ಮೋನ್ ಬಿಡುತ್ತೆ. ಅದು ರಕ್ತದಲ್ಲಿ ಯಕೃತ್ತಿಗೆ ಹೋಗಿ, ವೈಟೆಲೊಜೆನಿನ್ ಅನ್ನೋ ಪ್ರೋಟೀನ್ ತಯಾರು ಮಾಡಿಸುತ್ತೆ. ಮೊಟ್ಟೆಯೊಳಗಿನ ಹಳದಿ, ಅಂದ್ರೆ ಮರಿಯ ಮೊದಲ ಬುತ್ತಿ, ಅದರಿಂದಲೇ ಆಗೋದು. ಈ ಸರಪಳಿಯ ಒಂದು ಕೊಂಡಿ ಸಡಿಲವಾದರೂ ಮೀನು ಈಜ್ತಾ ಇರುತ್ತೆ, ಮೊಟ್ಟೆ ಮಾತ್ರ ಬಲಿಯಲ್ಲ. ನಮ್ಮ ದೇಶದ ಪ್ರಯೋಗಾಲಯಗಳಲ್ಲೇ ಚೇಳುಮೀನನ್ನ ಮೆಲಾಥಿಯಾನ್‌ನಂಥ ಕೀಟನಾಶಕ ಬೆರೆತ ನೀರಲ್ಲಿಟ್ಟು ನೋಡಿದ್ದಾರೆ. ಸಾಯದಷ್ಟು ಪ್ರಮಾಣದಲ್ಲೂ ಹಾರ್ಮೋನ್ ಇಳಿದು, ಅಂಡಾಶಯದ ಬೆಳವಣಿಗೆ ಕುಂಠಿತವಾಗಿದೆ.

ಗಂಡಿನ ಕಥೆ ಬೇರೆ. ಎಸ್ಟ್ರೊಜೆನ್, ಅಂದ್ರೆ ಎಸ್ಟ್ರಡಯೋಲ್‌ನಂಥ ಹೆಣ್ಣು ಹಾರ್ಮೋನ್, ಅದರ ಥರ ನಟಿಸೋ ವಿಷಗಳಿವೆ. ಅಂಥದ್ದು ಸೇರಿದರೆ ಗಂಡು ಮೀನಿನ ಯಕೃತ್ತೂ ಮೊಟ್ಟೆಯ ಪ್ರೋಟೀನ್ ಮಾಡೋಕೆ ಶುರು ಮಾಡುತ್ತೆ. ಬ್ರಿಟನ್ನಿನಲ್ಲಿ ಸಾಲ್ಮನ್ ಮೀನಿನ ಮೇಲೆ ನಡೆದ ಅಧ್ಯಯನ ಓದಿ ನಾನು ದಂಗಾದೆ. ಅಲ್ಲಿ ಗಂಡು ಹೆಣ್ಣಿನ ವಾಸನೆ ಹಿಡಿದೇ ಬೆದೆಗೆ ಬರೋದು. ನೀರಲ್ಲಿ ಸೈಪರ್ಮೆಥ್ರಿನ್ ಅನ್ನೋ ಕೀಟನಾಶಕ ಒಂದಿಷ್ಟೇ ಇಷ್ಟಿದ್ದರೂ ಅದಕ್ಕೆ ಆ ವಾಸನೆ ಸರಿಯಾಗಿ ಹತ್ತಲ್ಲ. ನಮ್ಮ ಅಂಗಡಿಗಳಲ್ಲಿ ಸಲೀಸಾಗಿ ಸಿಗೋ ಸೈಪರ್ಮೆಥ್ರಿನ್ನೇ ಅದು.

ಎಂಡೋಸಲ್ಫಾನ್ ವಿಷಯ ದಕ್ಷಿಣ ಕನ್ನಡದವರಿಗೆ ನಾನು ಹೇಳಬೇಕೇ? ಗೇರು ತೋಪಿನ ಮೇಲೆ ಹೆಲಿಕಾಪ್ಟರಿನಿಂದ ಸುರಿದದ್ದು 2000ದವರೆಗೂ ನಡೀತು. ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ. ಆ ವಿಷದ ಪರಿಣಾಮ ಮಕ್ಕಳ ಮೈಮೇಲೆ ಕಂಡ ಮೇಲೆ ಎಚ್ಚೆತ್ತೆವು. ಮೀನಿನ ಮೈಯನ್ನ ಯಾರು ನೋಡಬೇಕು?

ಡಬ್ಬದ ಮೇಲಿನ ತ್ರಿಕೋನ ಗಮನಿಸಿ: ಕೆಂಪು, ಹಳದಿ, ನೀಲಿ, ಹಸಿರು. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯೋಕೆ ಎಷ್ಟು ಬೇಕು ಅನ್ನೋದರ ಮೇಲೆ ಕೊಟ್ಟ ಬಣ್ಣ ಅದು. ಮೀನಿನ ಮೊಟ್ಟೆ ಬಲಿಯುತ್ತಾ ಅನ್ನೋದನ್ನ ಆ ಬಣ್ಣ ಹೇಳಲ್ಲ. ಹೇಳುವಂತಾಗಬೇಕು ಅನ್ನೋದು ನನ್ನ ಒತ್ತಾಯ. ಮೊಟ್ಟೆ, ಮರಿ, ಮರಿಯ ಮರಿ ತನಕ ನೋಡದೆ ನೀರಿಗೆ ಹೋಗೋ ಯಾವ ವಿಷಕ್ಕೂ ಒಪ್ಪಿಗೆ ಸಿಗಬಾರದು.

ರೈತನನ್ನ ಬೈಯೋಕೆ ಬಂದಿಲ್ಲ ನಾನು. ಬೆಳೆ ಹೋದರೆ ಅವನ ಸಾಲ ತೀರಿಸೋರು ಯಾರೂ ಇಲ್ಲ. ಆದರೂ ಕೇಳ್ಕೋತೀನಿ: ಹೊಡೆದ ಮೇಲೆ ಕೆಲವು ದಿನ ಗದ್ದೆಯ ಬಾಯಿ ಕಟ್ಟಿ ನೀರು ಒಳಗೇ ನಿಲ್ಲಿಸಿ. ಪಂಪಿನ ಕ್ಯಾನು ಹಳ್ಳದಲ್ಲಿ ತೊಳೀಬೇಡಿ. ಮೀನು ಹತ್ತೋ ಆ ನಾಲ್ಕು ರಾತ್ರಿ ಔಷಧಿ ಡಬ್ಬ ಕೊಟ್ಟಿಗೆಯಲ್ಲೇ ಇರಲಿ.