ಒಂದು ಮಳೆ, ಹತ್ತು ಕಥೆ

ಕೇಳುಗರಿಗೆ ನಮಸ್ಕಾರ.

ಕೊಡಗಿನ ಮಳೆಗಾಲದಲ್ಲಿ ಮಕ್ಕಳಿಗೆ ಕೇಳದೆಯೇ ರಜೆ ಸಿಗುತ್ತದೆ. ಗಾಳಿ ಎದ್ದಿತೆಂದರೆ ಕರೆಂಟೂ ಇಲ್ಲ, ಫೋನಿಗೆ ಟವರೂ ಇಲ್ಲ. ಇಂಥ ದಿನಗಳಿಗೆ ದಪ್ಪ ಕಾದಂಬರಿಗಿಂತ ಸಣ್ಣಕಥೆಗಳೇ ಒದಗುತ್ತವೆ. ಅದರಲ್ಲೂ ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗಾಗಿ ಹಲವು ಲೇಖಕರು ಒಂದೇ ವಸ್ತುವನ್ನು ಹಿಡಿದು ಬರೆದ ಸಂಕಲನ ಸಿಕ್ಕರೆ ಇನ್ನೂ ಚೆನ್ನ. ವಸ್ತು ಗೆಳೆತನ ಇರಬಹುದು, ಭಯ ಇರಬಹುದು, ಮನೆ ಬಿಟ್ಟು ಹಾಸ್ಟೆಲ್ ಸೇರಿದ ಮೊದಲ ವರ್ಷ ಇರಬಹುದು. ಈ ಬಗೆಯ ಪುಸ್ತಕವನ್ನು ಕಾದಂಬರಿಯಂತೆ ಓದಿದರೆ ರುಚಿ ಕೆಡುತ್ತದೆ. ಅದಕ್ಕೆ ಬೇರೆ ಕ್ರಮ ಬೇಕು.

ಮೊದಲು ಪುಸ್ತಕ ಸಿಗಬೇಕಲ್ಲ. ನಮ್ಮ ಲೈಬ್ರರಿಗಳಲ್ಲಿ 'ಮಕ್ಕಳ ಸಾಹಿತ್ಯ' ಎಂಬ ಕಪಾಟು ಇರುತ್ತದೆ, ಅದು ಮುಗಿದರೆ ನೇರ ದೊಡ್ಡವರ ಕಪಾಟು. ನಡುವಿನ ವಯಸ್ಸಿಗೆ ಬೇರೆ ಜಾಗ ಇರುವುದು ಅಪರೂಪ. ಪ್ರಶಸ್ತಿ ನೋಡಿ ಹುಡುಕುವವರೂ ದಾರಿ ತಪ್ಪುತ್ತಾರೆ. ಕೇಂದ್ರ ಸಾಹಿತ್ಯ ಅಕಾಡೆಮಿಯ 'ಯುವ ಪುರಸ್ಕಾರ' 35 ವರ್ಷದೊಳಗಿನ ಲೇಖಕರಿಗೆ ಕೊಡುವಂಥದ್ದು, ಹದಿಹರೆಯದ ಓದುಗರಿಗೂ ಅದಕ್ಕೂ ಸಂಬಂಧವಿಲ್ಲ. ಹಾಗಾಗಿ ಎರಡೂ ಕಪಾಟು ಹುಡುಕಿ, ಹೊದಿಕೆಯ ಮೇಲೆ 'ಸಂಪಾದಕರು' ಎಂಬ ಪದ ಇದೆಯೇ ನೋಡಿ. ಗ್ರಾಮ ಪಂಚಾಯಿತಿಯ ಲೈಬ್ರರಿಯಾದ ಅರಿವು ಕೇಂದ್ರದಲ್ಲೂ ವಿಚಾರಿಸಿ.

ಪುಸ್ತಕ ಕೈಗೆ ಬಂದಮೇಲೆ ಮುನ್ನುಡಿಯನ್ನು ಬಿಟ್ಟುಬಿಡಿ. ಸಂಪಾದಕರು ಪ್ರೀತಿಯಿಂದಲೇ ಬರೆದಿರುತ್ತಾರೆ, ಆದರೆ ಪ್ರತಿ ಕಥೆಯ ತಿರುವನ್ನೂ ಒಂದೊಂದು ಸಾಲಿನಲ್ಲಿ ಹೇಳಿಬಿಟ್ಟಿರುತ್ತಾರೆ. ನೇರ ಪರಿವಿಡಿಗೆ ಹೋಗಿ. ಗಟ್ಟಿ ಕಥೆಗಳನ್ನು ಮೊದಲಿಗೂ ಕೊನೆಗೂ ಇಟ್ಟು, ಅಷ್ಟು ಗಟ್ಟಿಯಲ್ಲದವನ್ನು ನಡುವೆ ಸೇರಿಸುವುದು ಸಂಪಾದಕರ ಹಳೆಯ ರೂಢಿ. ಆದ್ದರಿಂದ ಮೊದಲ ಕಥೆ, ಆಮೇಲೆ ಎಲ್ಲಕ್ಕಿಂತ ಚಿಕ್ಕ ಕಥೆ, ಆಮೇಲೆ ಕೊನೆಯದು. ಈ ಮೂರರಲ್ಲಿ ಪುಸ್ತಕದ ಅಂದಾಜು ಸಿಗುತ್ತದೆ.

ದಿನಕ್ಕೆ ಎರಡು ಕಥೆ ಸಾಕು. ಒಂದೇ ಕೂರಿಕೆಯಲ್ಲಿ ಐದು ಓದಿದರೆ ಪಾತ್ರಗಳ ಹೆಸರು ಕಲಸಿಹೋಗುತ್ತವೆ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ವಸ್ತು ಮಳೆ ಎಂದು ಗೊತ್ತಿರುವ ಓದುಗ ಮೂರನೆಯ ಕಥೆಯ ಹೊತ್ತಿಗೆ 'ಈಗ ಹೊಳೆ ಉಕ್ಕುತ್ತದೆ' ಎಂದು ಕಾಯಲು ಶುರುಮಾಡುತ್ತಾನೆ. ಕಥೆಗಾರ ಸಾಲುಸಾಲಾಗಿ ಕಟ್ಟಿದ್ದು ಕಣ್ಣಿಗೆ ಬೀಳುವುದೇ ಇಲ್ಲ.

ಎರಡನ್ನು ಜೋಡಿಯಾಗಿ ಓದುವುದರಲ್ಲೇ ಇಂಥ ಪುಸ್ತಕದ ನಿಜವಾದ ಸುಖ ಇರುವುದು. ಮಳೆಯ ಸಂಕಲನವನ್ನೇ ಇಟ್ಟುಕೊಳ್ಳೋಣ. ಒಂದು ಕಥೆಯಲ್ಲಿ ಮಳೆ ಬರಿಯ ಹಿನ್ನೆಲೆ: ಹುಡುಗಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿಕೊಂಡಿದ್ದಾಳೆ, ಅಷ್ಟೇ. ಇನ್ನೊಂದರಲ್ಲಿ ಮಳೆಯಿಂದಲೇ ಎಲ್ಲ ನಡೆಯುತ್ತದೆ: ದಾರಿ ಕುಸಿಯಿತು, ಅಪ್ಪ ಬರಲಿಲ್ಲ. ಮೂರನೆಯದರಲ್ಲಿ ಒಂದು ಹನಿಯೂ ಬೀಳುವುದಿಲ್ಲ, ಒಲೆಯ ಮೇಲೆ ಒಣಗದೆ ಹೊಗೆ ವಾಸನೆ ಹಿಡಿದ ಯೂನಿಫಾರ್ಮ್ ಮಾತ್ರ ಇದೆ. ಹೀಗೆ ವಸ್ತು ಕಥೆಯೊಳಗೆ ಎಲ್ಲಿಂದ ಬರುತ್ತದೆ ಎಂದು ಗಮನಿಸಿದರೆ ಲೇಖಕರ ಕೈಚಳಕ ಬಿಡಿಬಿಡಿಯಾಗಿ ಕಾಣುತ್ತದೆ. ನೋಟ್‌ಬುಕ್ಕಿನ ಒಂದು ಪುಟವನ್ನು ಉದ್ದಕ್ಕೆ ಮಡಚಿ, ಎಡಕ್ಕೊಂದು ಕಥೆ ಬಲಕ್ಕೊಂದು ಕಥೆ ಎಂದು ಗುರುತು ಮಾಡಿ. ಕಥೆ ಹೇಳುತ್ತಿರುವವರು ಯಾರು, ಎಷ್ಟು ಹೊತ್ತಿನ ಕಥೆ, ವಸ್ತು ಮೊದಲು ಕಾಣಿಸಿದ್ದು ಯಾವ ಪುಟದಲ್ಲಿ, ಕೊನೆಗೆ ಹೇಳದೆ ಬಿಟ್ಟದ್ದೇನು ಎಂದು ಬರೆದುಕೊಳ್ಳಿ. ಕೊನೆಯ ಪ್ರಶ್ನೆಗೆ ಇಬ್ಬರು ಓದುಗರ ಉತ್ತರ ಒಂದೇ ಆಗಿದ್ದರೆ ಕಥೆಯಲ್ಲಿ ಏನನ್ನೂ ಬಿಟ್ಟಿಲ್ಲ ಎಂದೇ ಲೆಕ್ಕ!

ಗಟ್ಟಿಯಾಗಿ ಓದುವುದು ಇನ್ನೊಂದು ದಾರಿ. ನಮ್ಮ ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತೋಟದ ಕೆಲಸಗಾರರ ಲೈನ್‌ಮನೆಯಿಂದ ಬರುವ ಮಕ್ಕಳ ತಮಿಳು, ಎಲ್ಲ ಇರುತ್ತದೆ. ಅವರ ಮುಂದೆ ಧಾರವಾಡದ ಮಾತಿನ ಕಥೆ ಬಂದರೆ ಕಣ್ಣಿನ ಓದು ತಡವರಿಸುತ್ತದೆ, ಕಿವಿಗೆ ಬಿದ್ದಾಗ ಅದೇ ಸಾಲು ತಾನಾಗಿ ತಿಳಿಯುತ್ತದೆ. ನಿಮಿಷಕ್ಕೆ ಸುಮಾರು 100 ಪದದಂತೆ ಓದಿದರೆ 2500 ಪದದ ಕಥೆಗೆ 25 ನಿಮಿಷ ಬೇಕು. 40 ನಿಮಿಷದ ಪೀರಿಯಡ್‌ನಲ್ಲಿ ಮಾತಾಡಲು ಕಾಲು ಗಂಟೆ ಉಳಿಯುತ್ತದೆ. ಉದ್ದದ ಕಥೆಯಾದರೆ ಪಾತ್ರವೊಂದು ತೀರ್ಮಾನ ತೆಗೆದುಕೊಳ್ಳುವ ಸಾಲಿಗೆ ಸ್ವಲ್ಪ ಮೊದಲು ನಿಲ್ಲಿಸಿ, ಉಳಿದದ್ದನ್ನು ಮರುದಿನ ಓದಿ. ಗುಂಪಿನಲ್ಲಿ ಆರರಿಂದ ಎಂಟು ಮಂದಿ ಸಾಕು. ಹೆಚ್ಚಾದರೆ ಮಾತಾಡುವವರೇ ಮಾತಾಡುತ್ತಾರೆ. ಮತ್ತೆ, ಟೀಚರುಗಳಲ್ಲಿ ಒಂದು ಕೋರಿಕೆ: 'ಇದರ ನೀತಿ ಏನು' ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆ ಬಿದ್ದ ಕೂಡಲೇ ಕಥೆ ಪರೀಕ್ಷೆಯ ಪಾಠವಾಗುತ್ತದೆ.

ಗುಂಪು ನಡೆಸುವವರು ಎಲ್ಲ ಕಥೆಗಳನ್ನೂ ಮೊದಲೇ ಓದಿರಲೇಬೇಕು. 2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡಗಳು ಜಾರಿದಾಗ ಪುಟ್ಟವರಾಗಿದ್ದವರು ಬೆಳೆದಿದ್ದಾರೆ. ಭೂಕುಸಿತದ ಕಥೆ ಎಲ್ಲರಿಗೂ ಬರಿಯ ಕಥೆಯಲ್ಲ. ಏನಿದೆ ಎಂದು ಮೊದಲೇ ತಿಳಿಸಿ, ಬೇಡ ಎನ್ನುವ ಮಗುವಿಗೆ ಕಾರಣ ಕೇಳದೆ ಆ ದಿನ ಬೇರೆ ಕಥೆ ಕೊಡಿ.

ಎಲ್ಲ ಕಥೆಗಳೂ ಹಿಡಿಸಲೇಬೇಕೆಂದಿಲ್ಲ. ವಸ್ತು ಕೊಟ್ಟು, ಗಡುವು ಕೊಟ್ಟು ಬರೆಸಿದಾಗ ಕೆಲವರು ಕಥೆಯ ಬದಲು ಪ್ರಬಂಧ ಬರೆದು ಪಾತ್ರಗಳ ಬಾಯಿಗೆ ಹಾಕುತ್ತಾರೆ. ಅಜ್ಜನೋ ಮೇಷ್ಟ್ರೋ ಕೊನೆಯಲ್ಲಿ ಬಂದು ಬುದ್ಧಿ ಹೇಳುತ್ತಾರೆ. ಒಂದು ಕಾಗದದಿಂದ ಕೊನೆಯ ಪ್ಯಾರಾ ಮುಚ್ಚಿ ಮತ್ತೆ ಓದಿ. ಮುಚ್ಚಿದ ಮೇಲೂ ಕಥೆ ನಿಂತರೆ ಒಳ್ಳೆಯದೇ, ಲೇಖಕರಿಗೆ ನಿಲ್ಲಿಸುವ ಜಾಗ ಗೊತ್ತಾಗಲಿಲ್ಲ ಅಷ್ಟೇ. ಎರಡು ಪುಟ ಓದಿದರೂ ಹಿಡಿಯದ ಕಥೆಯನ್ನು ದಾಟಿ ಮುಂದೆ ಹೋಗಿ. ಕಾದಂಬರಿಯಲ್ಲಿ ಅಧ್ಯಾಯ ಬಿಟ್ಟರೆ ತೊಡಕಾಗುತ್ತದೆ, ಇಲ್ಲಿ ಏನೂ ಆಗುವುದಿಲ್ಲ.

ಪ್ರತಿಗಳ ವಿಷಯ. ಹೊಸ ಸಂಕಲನದಲ್ಲಿ ಸಾಮಾನ್ಯವಾಗಿ ಒಂದೊಂದು ಕಥೆಯ ಹಕ್ಕು ಆಯಾ ಲೇಖಕರದು. ಇಡೀ ಪುಸ್ತಕ ಝೆರಾಕ್ಸ್ ಮಾಡಿಸುವುದು ಸರಿಯಲ್ಲ, ಎಂಟು ಮಂದಿಗೆ ನಾಲ್ಕು ಪ್ರತಿ ಕೊಂಡರೆ ಸಾಕು. ಜೊತೆಗೆ ನಮ್ಮೂರಿನ ಹಳೆಯ ಕಥೆಯೊಂದನ್ನು ಇಡಬೇಕೆನಿಸಿದರೆ ಕೊಡಗಿನ ಗೌರಮ್ಮ ಇದ್ದಾರೆ. 1912ರಲ್ಲಿ ಹುಟ್ಟಿ 1939ರಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲೇ ತೀರಿಕೊಂಡವರು. ಅವರ ಕಥೆಗಳ ಹಕ್ಕುಸ್ವಾಮ್ಯದ 60 ವರ್ಷ ಎಂದೋ ಮುಗಿದಿದೆ, ಪ್ರತಿ ಮಾಡಿ ಹಂಚಬಹುದು. ಅವು ಹದಿಹರೆಯದವರಿಗೆಂದೇ ಬರೆದವಲ್ಲ. ಪಿಯುಸಿ ಓದುವವರಿಗೆ ಒಗ್ಗುತ್ತವೆ, ಎಂಟನೇ ತರಗತಿಗೆ ಸ್ವಲ್ಪ ಭಾರ.

ಎಲ್ಲ ಮುಗಿದ ಮೇಲೆ ಬಿಟ್ಟಿದ್ದ ಮುನ್ನುಡಿ ಓದಿ. ಕಥೆಗಳ ಹೆಸರನ್ನು ಒಂದೊಂದು ಚೀಟಿಯಲ್ಲಿ ಬರೆದು, ನೀವೇ ಸಂಪಾದಕರಾಗಿದ್ದರೆ ಯಾವುದನ್ನು ಮೊದಲು ಇಡುತ್ತಿದ್ದಿರಿ, ಯಾವುದನ್ನು ತೆಗೆಯುತ್ತಿದ್ದಿರಿ ಎಂದು ಮೇಜಿನ ಮೇಲೆ ಜೋಡಿಸಿ ನೋಡಿ. ಜಗಳ ಆಗುತ್ತದೆ, ಆಗಲಿ. ತೆಗೆದವರು ಕಾರಣವನ್ನು ಪುಸ್ತಕದ ಸಾಲು ತೋರಿಸಿಯೇ ಹೇಳಬೇಕು.