ಕುರ್ಚಿ ಎಣಿಸಬಹುದು, ಫರ್ನಿಚರ್ ಯಾಕೆ ಎಣಿಸಬಾರದು?

(ಪರದೆ ಮೇಲೆ: ಅರ್ಧ ಬರೆದ ಒಂದು ಮೇಲ್)

ನಮಸ್ಕಾರ. ಈ ಸಾಲನ್ನು ಒಮ್ಮೆ ಓದಿ. "ಪ್ಲೀಸ್ ಸೆಂಡ್ ಮಿ ಆಲ್ ದಿ ಇನ್ಫರ್ಮೇಶನ್ಸ್." ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಬರೆದದ್ದು. ಕಳಿಸುವ ಮುಂಚೆ ಎರಡು ಸಲ ಓದಿದ್ದೆ, ತಪ್ಪು ಕಣ್ಣಿಗೆ ಬೀಳಲೇ ಇಲ್ಲ. ಬೀಳುವುದಾದರೂ ಹೇಗೆ? ಕನ್ನಡದಲ್ಲಿ ಮಾಹಿತಿಗಳು ಅನ್ನುತ್ತೇವೆ, ಸಲಹೆಗಳು ಅನ್ನುತ್ತೇವೆ. ಆ 'ಗಳು' ಸದ್ದಿಲ್ಲದೆ ಇಂಗ್ಲಿಷಿಗೂ ಬಂದು 'ಎಸ್' ಆಗಿ ಕೂತುಬಿಟ್ಟಿತ್ತು.

ಇಂಗ್ಲಿಷ್ ನಾಮಪದಗಳಲ್ಲಿ ಎರಡು ಗುಂಪು. ಒಂದು, ಎರಡು ಅಂತ ಎಣಿಸುವಂಥವು ಕೌಂಟಬಲ್: ಬುಕ್, ಚೇರ್, ಐಡಿಯಾ. ಹಾಗೆ ಎಣಿಸದಿರುವಂಥವು ಅನ್‌ಕೌಂಟಬಲ್: ವಾಟರ್, ಸ್ಯಾಂಡ್, ಮ್ಯೂಸಿಕ್. ಇಷ್ಟು ಎಲ್ಲರಿಗೂ ಗೊತ್ತು. ಎಡವುವುದು ಇದರ ಮುಂದೆ.

ಎಣಿಸಲು ಆಗುವುದೆಲ್ಲ ಕೌಂಟಬಲ್ ಅಂತ ಕಲಿಸುತ್ತಾರಲ್ಲ, ಆ ಸೂತ್ರದ ಮೇಲೆ ನನಗೆ ನಂಬಿಕೆ ಕಮ್ಮಿ. ದುಡ್ಡು ಎಣಿಸುತ್ತೇವೆ, ಅಲ್ವಾ? ಆದರೂ ಮನಿ ಅನ್‌ಕೌಂಟಬಲ್. ಕಾಯಿನ್ ಮಾತ್ರ ಕೌಂಟಬಲ್.

(ಪರದೆ ಮೇಲೆ: ನಾಲ್ಕು ಕುರ್ಚಿ, ಒಂದು ಮೇಜು)

ಈ ಕೋಣೆ ನೋಡಿ. ಫೋರ್ ಚೇರ್ಸ್, ಸರಿ. ಒನ್ ಟೇಬಲ್, ಸರಿ. ಫೈವ್ ಫರ್ನಿಚರ್ಸ್? ತಪ್ಪು. ಸಾಮಾನು ಅದೇ, ಆದರೆ ಪದ ಬೇರೆ. ಇಂಗ್ಲಿಷ್ ನೋಡುವುದು ಪದವನ್ನು, ವಸ್ತುವನ್ನಲ್ಲ. ಫ್ರೆಂಚ್‌ನಲ್ಲಿ ಇದೇ ಇನ್ಫರ್ಮೇಶನ್ ಪದಕ್ಕೆ ಬಹುವಚನ ಇದೆ, ಯಾರೂ ತಪ್ಪು ಅನ್ನುವುದಿಲ್ಲ.

ಇಲ್ಲೊಂದು ಬಟಾಣಿ ಕಥೆ ಹೇಳಲೇಬೇಕು. ಹಿಂದೆ ಇಂಗ್ಲಿಷಿನವರು ಬಟಾಣಿಗೆ 'ಪೀಜ್' ಅನ್ನುತ್ತಿದ್ದರು. ಸ್ಪೆಲಿಂಗ್ ಪಿ, ಇ, ಎ, ಎಸ್, ಇ. ಸ್ಯಾಂಡ್ ಇದ್ದ ಹಾಗೆ, ಇಡೀ ರಾಶಿಗೆ ಒಂದೇ ಪದ. ಕೊನೆಯ ಸದ್ದು ಕೇಳಿ ಜನ ಅದನ್ನೇ ಬಹುವಚನ ಅಂದುಕೊಂಡರು. ಬಾಲ ಕತ್ತರಿಸಿದರು. 17ನೇ ಶತಮಾನದಲ್ಲಿ 'ಪೀ' ಅನ್ನುವ ಒಂಟಿ ಕಾಳು ಹುಟ್ಟಿತು! ಅವರು ಎಡವಿದ್ದು ನಿಘಂಟು ಸೇರಿತು. ನನ್ನ ಇನ್ಫರ್ಮೇಶನ್ಸ್‌ಗೆ ಆ ಅದೃಷ್ಟ ಇರಲಿಲ್ಲ.

ಇನ್ನೊಂದು ತೊಡಕು 'ಎಷ್ಟು'. ಎಷ್ಟು ಪುಸ್ತಕ, ಎಷ್ಟು ನೀರು, ನಮಗೆ ಎರಡಕ್ಕೂ ಒಂದೇ ಮಾತು ಸಾಕು. ಇಂಗ್ಲಿಷಿಗೆ ಸಾಲದು. ಹೌ ಮೆನಿ ಬುಕ್ಸ್, ಹೌ ಮಚ್ ವಾಟರ್. ಸ್ವಲ್ಪ ಅನ್ನುವಾಗಲೂ ಹಾಗೇ: ಎ ಫ್ಯೂ ಬುಕ್ಸ್, ಎ ಲಿಟಲ್ ವಾಟರ್. ಮಾತಿನ ಮಧ್ಯೆ ಗೊಂದಲ ಆದರೆ ಸುಮ್ನೆ ಸಮ್ ಅಥವಾ ಎ ಲಾಟ್ ಆಫ್ ಅನ್ನಿ. ಎರಡೂ ಕಡೆ ಒಗ್ಗುತ್ತವೆ. ನಾನು ಈಗಲೂ ಹೀಗೇ ಪಾರಾಗುತ್ತೇನೆ.

ಸರಿ, ಎರಡು ಸಲಹೆ ಅಂತ ಹೇಳಲೇಬೇಕಾದರೆ? ಟೂ ಪೀಸಸ್ ಆಫ್ ಅಡ್ವೈಸ್. 'ಎಸ್' ಅಂಟುವುದು ಪೀಸ್‌ಗೆ, ಅಡ್ವೈಸ್ ಇದ್ದ ಹಾಗೇ ಇರುತ್ತದೆ. ನ್ಯೂಸ್ ವಿಷಯದಲ್ಲಿ ಹುಷಾರು. ಕೊನೆಯಲ್ಲಿ 'ಎಸ್' ಇದ್ದರೂ ಅದು ಅನ್‌ಕೌಂಟಬಲ್. ದಿ ನ್ಯೂಸ್ ಈಸ್ ಗುಡ್ ಅನ್ನಬೇಕು, ಆರ್ ಅಲ್ಲ.

ಕೆಲವು ಪದ ಎರಡೂ ಕಡೆ ಓಡಾಡುತ್ತವೆ. ನನಗೆ ಇಷ್ಟವಾದದ್ದು ಹೇರ್. ಹರ್ ಹೇರ್ ಈಸ್ ಲಾಂಗ್. ತಲೆ ತುಂಬ ಇದ್ದರೂ ಈಸ್, ಏಕೆಂದರೆ ಇಲ್ಲಿ ಅನ್‌ಕೌಂಟಬಲ್. ಅದರಲ್ಲೇ ಒಂದೆಳೆ ಸೂಪಿಗೆ ಬೀಳಲಿ: ದೇರ್ ಈಸ್ ಎ ಹೇರ್ ಇನ್ ಮೈ ಸೂಪ್! ತಕ್ಷಣ ಕೌಂಟಬಲ್. ಪೇಪರ್ ಕೂಡ ಹೀಗೇ. ಬರೆಯುವ ಕಾಗದ ಆದರೆ ಬರೀ ಪೇಪರ್, ಓದುವ ಪತ್ರಿಕೆ ಆದರೆ ಎ ಪೇಪರ್.

(ಪರದೆ ಮೇಲೆ: ಐ ಹ್ಯಾವ್ ಮೆನಿ ಹೋಮ್‌ವರ್ಕ್ಸ್ ಆ್ಯಂಡ್ ತ್ರೀ ಲಗೇಜಸ್.)

ಈ ಸಾಲಿನಲ್ಲಿ ಎಡವಟ್ಟು ಒಂದಲ್ಲ. ವಿಡಿಯೋ ನಿಲ್ಲಿಸಿ, ಸರಿಪಡಿಸಿ, ಕಾಮೆಂಟಿನಲ್ಲಿ ಹಾಕಿ. ಲಗೇಜಿಗೆ ಏನು ಮಾಡಬೇಕು ಅಂತ ಆಗಲೇ ಹೇಳಿದ್ದೇನೆ.