ಹಳೇ ಆಂಪ್ಲಿಫೈಯರ್ ಸಿಕ್ಕಿದ ಕೂಡಲೇ ಕೆಪಾಸಿಟರ್ ಕೀಳಬೇಡಿ

ನಮಸ್ಕಾರ. ಎಪ್ಪತ್ತರ ದಶಕದ ಮರಾಂಟ್ಜ್, ಪಯೋನಿಯರ್ ಅಥವಾ ಸಾನ್ಸುಯಿ ಆಂಪ್ಲಿಫೈಯರ್ ಕೈಗೆ ಸಿಕ್ಕಿದೆ ಅಂತ ನೆಟ್‌ನಲ್ಲಿ ಹೇಳಿ ನೋಡಿ. ಬರುವ ಮೊದಲ ಸಲಹೆ ಒಂದೇ: ಎಲ್ಲ ಕೆಪಾಸಿಟರ್ (ಕರೆಂಟ್ ಹಿಡಿದಿಟ್ಟು ಬಿಡೋ ಪಾರ್ಟ್) ಕಿತ್ತು ಹೊಸದು ಹಾಕಿ. ಇದು ಕೆಟ್ಟ ಸಲಹೆ. ಅರವತ್ತು ಕೆಪಾಸಿಟರ್ ಒಟ್ಟಿಗೆ ಬದಲಾಯಿಸಿದ ಮೇಲೆ ಒಂದು ಚಾನಲ್ ಸತ್ತಿದ್ದರೆ ಕಾರಣ ಎಲ್ಲಿ ಹುಡುಕ್ತೀರಿ? ಒಂದನ್ನು ಉಲ್ಟಾ ಹಾಕಿದ್ರಾ, ಬೋರ್ಡಿನ ತಾಮ್ರದ ಟ್ರ್ಯಾಕ್ ಎದ್ದು ಬಂತಾ, ಅಥವಾ ದೋಷ ಮೊದಲೇ ಇತ್ತಾ? ಮೂರಕ್ಕೂ ಉತ್ತರ ಸಿಗಲ್ಲ.

ಮೊದಲು ಬೇಕಾದ್ದು ಸರ್ವೀಸ್ ಮ್ಯಾನ್ಯುಯಲ್, ಅಂದ್ರೆ ಕಂಪನಿಯ ರಿಪೇರಿ ಪುಸ್ತಕ. ಹೈಫೈ ಎಂಜಿನ್ ವೆಬ್‌ಸೈಟಿನಂಥ ಸಂಗ್ರಹಗಳಲ್ಲಿ ಬಹಳಷ್ಟು ಮಾಡೆಲ್‌ಗಳ ಸ್ಕ್ಯಾನ್ ಸಿಗುತ್ತೆ. ಆದರೆ ಸ್ಕ್ಯಾನನ್ನು ಕಣ್ಣುಮುಚ್ಚಿ ನಂಬಬೇಡಿ. ಸರ್ಕ್ಯೂಟ್ ಚಿತ್ರದಲ್ಲಿ ದಶಮಾಂಶದ ಚುಕ್ಕಿ ಅಳಿಸಿ 4.7 ಅನ್ನೋದು 47 ಆಗಿರುತ್ತೆ. ಅದೇ ಮ್ಯಾನ್ಯುಯಲ್‌ನಲ್ಲಿರೋ ಪಾರ್ಟ್ಸ್ ಲಿಸ್ಟ್ ಜೊತೆ ಹೋಲಿಸಿ. ಅಮೆರಿಕದ ಮಾಡೆಲ್‌ಗೂ ಯುರೋಪಿನದಕ್ಕೂ ಪವರ್ ಸಪ್ಲೈ ಭಾಗ ಬೇರೆ ಇರಬಹುದು, ಅದನ್ನೂ ನೋಡ್ಕೊಳ್ಳಿ.

ಪ್ಲಗ್ ಹಾಕೋ ಮುಂಚೆ ಹಿಂದಿನ ತಗಡು ಓದಿ. ಅಮೆರಿಕದಿಂದ ನೆಂಟರು ತಂದ ಸೆಟ್ ಸಾಮಾನ್ಯವಾಗಿ 120 ವೋಲ್ಟ್‌ನದು, ಜಪಾನಿನ ಒಳಮಾರುಕಟ್ಟೆಯದು 100 ವೋಲ್ಟ್‌ನದು. ನಮ್ಮ 230ಕ್ಕೆ ನೇರ ಹಾಕಿದ್ರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತೆ. 110 ವೋಲ್ಟ್‌ಗೆ ಇಳಿಸೋ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೂಡ ಜಪಾನಿನ ಸೆಟ್‌ಗೆ ಹತ್ತು ಪರ್ಸೆಂಟ್ ಜಾಸ್ತಿಯೇ.

ಆಮೇಲೆ ಬಲ್ಬ್ ಪರೀಕ್ಷೆ. ಫೇಸ್ ವೈರಿಗೆ ಸೀರೀಸ್‌ನಲ್ಲಿ, ಅಂದ್ರೆ ಕರೆಂಟ್ ಬಲ್ಬ್ ದಾಟಿಯೇ ಸೆಟ್‌ಗೆ ಹೋಗೋ ಹಾಗೆ, 60 ಅಥವಾ 100 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬ್ ಸೇರಿಸಿ. ಎಲ್‌ಇಡಿ ಇಲ್ಲಿ ನಡೆಯಲ್ಲ. ಸ್ಪೀಕರ್ ಕಳಚಿಟ್ಟು, ವಾಲ್ಯೂಮ್ ಸೊನ್ನೆ ಮಾಡಿ ಆನ್ ಮಾಡಿ. ಬಲ್ಬ್ ಒಮ್ಮೆ ಹೊಳೆದು ಮಂಕಾದ್ರೆ ಮುಂದುವರಿಯಬಹುದು. ಪೂರ್ತಿ ಉರಿಯುತ್ತಲೇ ಇದ್ರೆ ಎಲ್ಲೋ ಶಾರ್ಟ್ ಇದೆ: ಬಹುಪಾಲು ಸ್ಪೀಕರ್ ನಡೆಸೋ ಔಟ್‌ಪುಟ್ ಟ್ರಾನ್ಸಿಸ್ಟರ್ ಇಲ್ಲವೇ ಎಸಿಯನ್ನು ಡಿಸಿ ಮಾಡೋ ರೆಕ್ಟಿಫೈಯರ್.

ಬಲ್ಬ್ ತೆಗೆದು ನೇರ ಕರೆಂಟ್ ಕೊಟ್ಟ ಮೇಲೆ ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ ವೋಲ್ಟೇಜ್ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ರೆ ನಿಶ್ಚಿಂತೆ. ನೂರು ದಾಟಿದ್ರೆ ಸ್ಪೀಕರ್ ಹಾಕಲೇಬೇಡಿ. ಪ್ರೊಟೆಕ್ಷನ್ ರಿಲೇ (ಸ್ಪೀಕರ್ ಕಾಪಾಡೋ ಸ್ವಿಚ್) ಇರೋ ಸೆಟ್ ಆದ್ರೆ ಅದು ಕೆಲವು ಸೆಕೆಂಡಿಗೆ ಟಕ್ ಅನ್ನುವವರೆಗೆ ಕಾದು ಅಳೆಯಬೇಕು, ಇಲ್ಲದಿದ್ರೆ ಸೊನ್ನೆ ತೋರಿಸಿ ಮೋಸ ಮಾಡುತ್ತೆ.

ಬಯಾಸ್, ಅಂದ್ರೆ ಹಾಡಿಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರ್‌ನಲ್ಲಿ ಹರಿಯೋ ಕರೆಂಟ್ ವಿಷಯಕ್ಕೆ ಬಂದ್ರೆ, ಅದರ ಎಮಿಟರ್ ಕಾಲಿಗೆ ಸೇರಿದ ರೆಸಿಸ್ಟರ್ ಮೇಲೆ ಬೀಳೋ ವೋಲ್ಟೇಜ್ ನೋಡಬೇಕು. 0.33 ಓಮ್ ಮೇಲೆ 10 ಮಿಲಿವೋಲ್ಟ್ ಅಂದ್ರೆ ಸುಮಾರು 30 ಮಿಲಿಆಂಪ್. ನಿಮ್ಮ ಮಾಡೆಲ್‌ಗೆ ಎಷ್ಟಿರಬೇಕು ಅನ್ನೋದನ್ನ ಮ್ಯಾನ್ಯುಯಲ್ ಹೇಳುತ್ತೆ, ಇನ್ನೊಬ್ಬರ ವಿಡಿಯೋ ಅಲ್ಲ. ಹದಿನೈದು ನಿಮಿಷ ಬಿಸಿಯಾದ ಮೇಲೆ ಹೊಂದಿಸಿ. ಇಲ್ಲಿ ಮೀಟರಿಗೆ ಕ್ಲಿಪ್ ಇರೋ ವೈರನ್ನೇ ಬಳಸಿ, ಅದನ್ನೂ ಸೆಟ್ ಆಫ್ ಇದ್ದಾಗಲೇ ಸಿಕ್ಕಿಸಿ. ಕೈಯಲ್ಲಿ ಹಿಡಿದ ಪ್ರೋಬ್ ಜಾರಿ ಟ್ರಾನ್ಸಿಸ್ಟರಿನ ಬೇಸ್ ಕಾಲಿಗೂ ಕಲೆಕ್ಟರ್ ಕಾಲಿಗೂ ಒಟ್ಟಿಗೆ ತಾಗಿದ್ರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಅಲ್ಲೇ ಮುಗೀತು. ಬಯಾಸ್ ಹೊಂದಿಸೋ ಪುಟ್ಟ ತಿರುಪು, ಅಂದ್ರೆ ಟ್ರಿಮ್ಮರ್, ಬದಲಾಯಿಸೋದಾದ್ರೆ ಬಯಾಸ್ ಕಡಿಮೆ ಬರೋ ದಿಕ್ಕಿಗೆ ತಿರುಗಿಸಿಟ್ಟು ಆನ್ ಮಾಡಿ.

ಬಹಳ ಜನ ಕೆಪಾಸಿಟರ್ ದೋಷ ಅಂದುಕೊಳ್ಳೋದು ನಿಜಕ್ಕೂ ಕೊಳೆ. ಕಡಿಮೆ ವಾಲ್ಯೂಮ್‌ನಲ್ಲಿ ಒಂದು ಚಾನಲ್ ಮಾಯವಾಗಿ, ಜೋರು ಮಾಡಿದಾಗ ಮರಳಿ ಬಂದ್ರೆ ಮೊದಲ ಅನುಮಾನ ಪಡಬೇಕಾದ್ದು ರಿಲೇ ಕಾಂಟ್ಯಾಕ್ಟ್ ಮೇಲೆ. ಕೊಳೆ ತೆಗೆಯೋಕೆ ಸ್ವಿಚ್‌ಗೆ ಡಿಆಕ್ಸಿಟ್ ಡಿ5 ಸ್ಪ್ರೇ, ವಾಲ್ಯೂಮ್ ಪಾಟ್‌ಗೆ (ತಿರುಗಿಸೋ ಕಂಟ್ರೋಲ್‌ಗೆ) ಅದೇ ಕಂಪನಿಯ ಎಫ್5. ಡಬ್ಲ್ಯುಡಿ-40 ಬೇಡವೇ ಬೇಡ, ಒಳಗೆ ಅಂಟು ಉಳಿಸಿ ಧೂಳು ಹಿಡಿಸುತ್ತೆ.

ಇಷ್ಟೆಲ್ಲ ಆದ ಮೇಲೂ ಬದಲಾಯಿಸಬೇಕಾದ್ದು ಇರುತ್ತೆ, ಇಲ್ಲ ಅನ್ನಲ್ಲ. ಮೊದಲು ಬೋರ್ಡ್ ಮೇಲೆ ಕಂದು ಬಣ್ಣಕ್ಕೆ ತಿರುಗಿದ ಅಂಟು ಹುಡುಕಿ. ಅದು ಪಾರ್ಟ್‌ಗಳ ಕಾಲು ತಿನ್ನುತ್ತೆ, ಕರೆಂಟನ್ನೂ ಹಾಯಿಸುತ್ತೆ. ಕೆರೆದು ತೆಗೆಯಿರಿ. ಫೋನೋ, ಅಂದ್ರೆ ರೆಕಾರ್ಡ್ ಪ್ಲೇಯರ್ ಸೇರಿಸೋ ಭಾಗದಲ್ಲಿ ಚಟಪಟ ಸದ್ದಿದ್ದು 2ಎಸ್‌ಎ726 ಟ್ರಾನ್ಸಿಸ್ಟರ್ ಕಂಡ್ರೆ ಅದೇ ಕುಖ್ಯಾತ ಅಪರಾಧಿ. ಅದರ ಜಾಗಕ್ಕೆ ಕೆಎಸ್‌ಎ992 ಹಾಕಬಹುದು. ಅಂಗಡಿಯಲ್ಲಿ "ಇದೂ ನಡೆಯುತ್ತೆ ಸಾರ್" ಅಂತ ಬೇರೆ ಏನಾದ್ರೂ ಕೊಟ್ರೆ ಕಾಲಿನ ಕ್ರಮ ಡೇಟಾಶೀಟಿನಲ್ಲಿ ನೋಡದೆ ಹಾಕಬೇಡಿ. ಹಳೇ ಜಪಾನಿ ಟ್ರಾನ್ಸಿಸ್ಟರ್‌ಗಳಲ್ಲಿ ಸಾಮಾನ್ಯವಾಗಿ ಎಮಿಟರ್, ಕಲೆಕ್ಟರ್, ಬೇಸ್. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌ಪಿ ರೋಡಿನಲ್ಲಿ ಧಾರಾಳವಾಗಿ ಸಿಗೋ ಬಿಸಿ547 ಟ್ರಾನ್ಸಿಸ್ಟರಿನಲ್ಲಿ ಕಲೆಕ್ಟರ್, ಬೇಸ್, ಎಮಿಟರ್.

ಕೆಪಾಸಿಟರ್ ಹಾಕೋದಾದ್ರೆ ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚಿರಲಿ, 105 ಡಿಗ್ರಿ ಶಾಖ ತಾಳೋದೇ ತಗೊಳ್ಳಿ. ಒಂದು ಬೋರ್ಡ್ ಮುಗಿಸಿ, ಮತ್ತೆ ಬಲ್ಬ್ ಹಾಕಿ ಆನ್ ಮಾಡಿ, ಡಿಸಿ ಅಳೆದು, ಆಮೇಲೆ ಇನ್ನೊಂದಕ್ಕೆ ಕೈ ಹಾಕಿ.